ಶರಣಪ್ಪನವರ ದನಿಯಿದ್ದ ಕೀಬೋರ್ಡ್

2019ರ ದಸರಾದ ಮರುದಿನ ಸಂಜೆ ನಾನು ಪುಣೆಯ ಹಡಪಸರದ ನನ್ನ ರಿಪೇರಿ ಅಂಗಡಿಯಲ್ಲಿ, ಮೇಜಿನ ಒಳಬದಿಗೆ ನಿಂತಿದ್ದೆ. ಮೇಜಿನ ಮೇಲೆ ಒಂದು ಪೋರ್ಟಬಲ್ ಕೀಬೋರ್ಡ್ ಬೋರಲಾಗಿತ್ತು. ಅದರ ಒಡೆಯ ಶರಣಪ್ಪ ನನ್ನ ಬಲಕ್ಕೆ, ಅವರ ಹೆಂಡತಿ ಗೌರಮ್ಮ ಎದುರಿಗೆ, ಅವರ ಭಜನಾ ಮಂಡಳಿಯ ತಬಲಾ ವಾದಕ ಮಲ್ಲಪ್ಪ ಬಾಗಿಲ ಬಳಿ ಇದ್ದರು. ಯಾರು ಎಲ್ಲಿದ್ದರೆಂದು ಮೊದಲೇ ಹೇಳುವುದಕ್ಕೆ ಕಾರಣವಿದೆ. ಅಂದು ನಡೆದದ್ದನ್ನು ಮಂಡಳಿಯವರು ಈಗ ಪವಾಡವೆಂದು ಹೇಳುತ್ತಾರೆ. ನಾನು ಕಂಡದ್ದನ್ನಷ್ಟೇ ಬರೆಯುತ್ತೇನೆ.

ಶರಣಪ್ಪ ಕಲಬುರಗಿ ಕಡೆಯವರು, ಕಟ್ಟಡಗಳಲ್ಲಿ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ. ಸೋಮವಾರದ ಭಜನೆಯಲ್ಲಿ ಮುಂದಾಗಿ ಹಾಡುತ್ತಿದ್ದವರು ಅವರೇ. ತಂಬಾಕಿನಿಂದ ಗಂಟಲಿಗೆ ಕ್ಯಾನ್ಸರ್ ಆಗಿ, ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ಆಪರೇಷನ್ನಿಗೆ ಹೋಗುವ ಮುಂಚೆ ಮಲ್ಲಪ್ಪ ಈ ಕೀಬೋರ್ಡಿಗೆ ಮೈಕ್ ಸಿಕ್ಕಿಸಿ, ಅವರಿಂದ ಒಮ್ಮೆ ‘ಶಿವಾ’ ಎಂದು ಎಳೆದು ಹಾಡಿಸಿದ್ದರು.

ಇದಕ್ಕೆ ಸ್ಯಾಂಪ್ಲಿಂಗ್ ಎನ್ನುತ್ತೇವೆ. ಕೀಬೋರ್ಡ್ ಒಂದು ಸಣ್ಣ ಧ್ವನಿಯನ್ನು ಹಿಡಿದಿಟ್ಟುಕೊಂಡು, ಒತ್ತಿದ ಪಟ್ಟಿಗೆ ತಕ್ಕ ಶ್ರುತಿಯಲ್ಲಿ ಅದನ್ನೇ ನುಡಿಸುತ್ತದೆ. ಮೇಲಿನ ಪಟ್ಟಿಗಳಲ್ಲಿ ಅದು ಕೀರಲಾಗುತ್ತದೆ, ಕೆಳಗಿನವುಗಳಲ್ಲಿ ಗೊಗ್ಗರಾಗುತ್ತದೆ. “ಆ ಕಡಿ ಒತ್ತಿದ್ರ ನಮ್ಮಣ್ಣ ಬಾಲವಾಡಿಗೆ ಹೊಂಟಂಗ ಇರ್ತದ, ಈ ಕಡಿ ಒತ್ತಿದ್ರ ರಾಕ್ಷಸ ಪಾರ್ಟ್ ಮಾಡಿದಂಗ” ಎಂದು ಮಲ್ಲಪ್ಪ ನಗಿಸುತ್ತಿದ್ದರು. ನಡುವಿನ ಕೆಲವೇ ಪಟ್ಟಿಗಳಲ್ಲಿ ಅದು ಶರಣಪ್ಪನವರ ದನಿಯಾಗಿ ಕೇಳುತ್ತಿತ್ತು. ಮಾತು ಹೋದ ಮೇಲೆ ಅವರು ಆ ಪಟ್ಟಿಗಳನ್ನು ಬೆರಳಿಂದ ಒತ್ತಿ ಭಜನೆ ಆರಂಭಿಸುತ್ತಿದ್ದರು.

ಆದರೆ ಅದು ಹಳೆಯ ಮಾದರಿ. ಸೆಲ್ಲಿನಿಂದಲೋ ಅಡಾಪ್ಟರಿನಿಂದಲೋ ವಿದ್ಯುತ್ ಸಿಗುತ್ತಿದ್ದರೆ ಮಾತ್ರ ಅದರ ಮೆಮೊರಿ ಉಳಿಯುತ್ತದೆ. ಇದು ತಿಳಿದಿದ್ದ ಮಂಡಳಿಯವರು ಅದನ್ನು ನಂದಾದೀಪದಂತೆ ನೋಡಿಕೊಂಡರು. ಅಡಾಪ್ಟರ್ ಹಚ್ಚಿಟ್ಟು, ಹಳೆಯ ಆರು ಸೆಲ್ಲುಗಳಲ್ಲಿ ಒಂದನ್ನು ಮಾತ್ರ ತೆಗೆದು ಹೊಸದು ಹಾಕುವರು; ಮತ್ತೊಂದನ್ನು ಬದಲಿಸುವುದು ಮುಂದಿನ ಅಮಾವಾಸ್ಯೆಗೆ. ಉಳಿದ ಐದು ಜೀವ ಹಿಡಿದಿರುತ್ತವೆಂದು ನಂಬಿಕೆ. ಆದರೆ ಒಂದನ್ನು ತೆಗೆದರೂ ಸೆಲ್ಲುಗಳ ಸರಣಿ ಕಡಿಯುತ್ತದೆ. ನಿಜವಾಗಿ ಕಾಯುತ್ತಿದ್ದುದು ಅಡಾಪ್ಟರು. ಹಳೆಯದು ಹೊಸದು ಬೆರೆಸಿದ್ದರಿಂದ ಸೆಲ್ಲುಗಳು ಸೋರಿ, ಅವುಗಳ ರಸ ಒಳಗಿನ ಸ್ಪ್ರಿಂಗುಗಳನ್ನು ತಿನ್ನುತ್ತಿತ್ತು.

ಆ ವರ್ಷ ಖಂಡೇನವಮಿಯ ಆಯುಧಪೂಜೆಗೆ ಕೀಬೋರ್ಡಿಗೂ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿ, ಪಕ್ಕದಲ್ಲೇ ತೆಂಗಿನಕಾಯಿ ಒಡೆದರು. ನೀರು ಅಡಾಪ್ಟರಿನ ಸಾಕೆಟ್ಟಿಗೆ ಸಿಡಿಯಿತು. ಒರೆಸಿ ನುಡಿಸಿದಾಗ ದನಿ ಕ್ಷೀಣವಾಗಿ ಬಂತು, ಕೂಡಲೇ ಬಂದ್ ಮಾಡಿದರು. ಮಲ್ಲಪ್ಪ ಅಡಾಪ್ಟರ್ ಹಚ್ಚಲು ಹೋದರೆ ಗೌರಮ್ಮ ಹೆದರಿ ಕೈ ಹಿಡಿದರಂತೆ. ಆ ಹೆದರಿಕೆಯೇ ಒಳ್ಳೆಯದಾಯಿತು. ಪಿನ್ನು ತೂರಿಸಿದೊಡನೆ ಸಾಕೆಟ್ಟು ಸೆಲ್ಲುಗಳ ಸಂಪರ್ಕ ಕಡಿಯುತ್ತದೆ. ಕೆಟ್ಟ ಸಾಕೆಟ್ಟಿನಿಂದ ಹೊಸ ವಿದ್ಯುತ್ ಬಾರದೆ, ಎರಡೂ ತಪ್ಪಿ ದನಿ ಅಳಿಸಿಹೋಗುತ್ತಿತ್ತು.

ಅಂಗಡಿಯಲ್ಲಿ ನಾನು ಸೆಲ್ಲುಗಳಿಗೆ ಮೀಟರ್ ಹಿಡಿದೆ. ಒಂಬತ್ತು ವೋಲ್ಟ್ ಇರಬೇಕಾದಲ್ಲಿ ಐದೂವರೆ ತೋರಿಸಿತು. ಮೊದಲು ದನಿಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳೋಣವೆಂದರೆ ಕೀಬೋರ್ಡ್ ಆನ್ ಮಾಡಬೇಕು. ಆ ಹೊರೆಗೆ ಸೆಲ್ಲುಗಳು ಕೈಕೊಡಬಹುದು. ಉಳಿದದ್ದು ಒಂದೇ ದಾರಿ. ಸೆಲ್ಲುಗಳಿದ್ದಂತೆಯೇ ಹೊರಗಿನಿಂದ ಎರಡು ತಂತಿ ಬೆಸೆದು ವಿದ್ಯುತ್ ಕೊಟ್ಟು, ಆಮೇಲೆ ಸೆಲ್ಲುಗಳನ್ನು ತೆಗೆಯುವುದು. ಕೈ ಜಾರಿದರೆ ದನಿ ಹೋಗುತ್ತದೆ ಎಂದು ಹೇಳಿದೆ.

ಗೌರಮ್ಮ ಕೀಬೋರ್ಡಿನ ಮೇಲೆ ಅಂಗೈ ಊರಿದರು. “ಬ್ಯಾಡ್ರಿ ಮಾಸ್ತರ. ಇದ್ದಷ್ಟ ದಿನಾ ಇರ್ಲಿ. ನುಡಿಸೂದು ಬ್ಯಾಡ, ಕೇಳೂದು ಬ್ಯಾಡ. ಒಳಗ ಅದ ಅಂದ್ರ ಸಾಕ್ ನನಗ.”

“ಕೇಳಲಾರದ್ದು ಇದ್ದರ ಏನ್ ಬಂತು ವೈನಿ?” ಎಂದರು ಮಲ್ಲಪ್ಪ. “ಸೆಲ್ ತಾನಾ ಮುಗಿದ್ರ ಆಗ ಯಾರಿಗೆ ಕೇಳೂನು?”

ಇಬ್ಬರೂ ವಾದಿಸಿದರು. ನಾನೂ ಅವರಿಗೇ ಉತ್ತರ ಕೊಡುತ್ತಿದ್ದೆ. ಆಗ ನನ್ನ ತೋಳಿಗೆ ಯಾರೋ ತಟ್ಟಿದಂತಾಯಿತು. ಶರಣಪ್ಪ. ದನಿ ಅವರದು, ಆದರೆ ಅಲ್ಲಿಯವರೆಗೆ ಅವರನ್ನು ಒಂದು ಮಾತೂ ಯಾರೂ ಕೇಳಿರಲಿಲ್ಲ. ಅವರು ಗೌರಮ್ಮನ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟು, ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟರು. ತುಟಿ ಆಡಿಸಿ ಏನೋ ಹೇಳಿದರು. ನನಗೆ ತಿಳಿಯಲಿಲ್ಲ.

“ಏನಂತಾರ?” ಎಂದೆ.

ಗೌರಮ್ಮ ಮೇಜಿನಿಂದ ಹಿಂದೆ ಸರಿದರು. “ಹಾಡಿದ್ದು ಮುಚ್ಚಿ ಇಡಾಕಲ್ಲ ಅಂತಾರ್ರಿ. ತಗೀರಿ.”

ಬೆನ್ನಿನ ಹಲಗೆ ಬಿಚ್ಚಿದೆ. ಸೋಲ್ಡರಿಂಗ್ ಐರನ್ ಕಾಯಿಸಿ, ಅದರಿಂದ ಮೆಮೊರಿಗೆ ವಿದ್ಯುತ್ ಸೋರಬಾರದೆಂದು ಪ್ಲಗ್ ಕಿತ್ತು, ಬಿಸಿ ಆರುವುದರೊಳಗೆ ಕೆಂಪು ತಂತಿ ಬೆಸೆದೆ. ಮತ್ತೆ ಕಾಯಿಸಿ ಕಪ್ಪು ತಂತಿ ತಾಗಿಸುತ್ತಿದ್ದಂತೆ ಟಿಕ್ ಎಂದಿತು. ಕೊನೆಯ ಸೆಲ್ಲಿನ ಸ್ಪ್ರಿಂಗ್ ಮುರಿದು ಮೇಜಿನ ಮೇಲೆ ಬಿದ್ದಿತ್ತು. ಬೆಸುಗೆ ಮೊದಲು ಕೂಡಿತೋ ಸ್ಪ್ರಿಂಗ್ ಮೊದಲು ಮುರಿಯಿತೋ, ನಾನು ಪ್ರಮಾಣ ಮಾಡಿ ಹೇಳಲಾರೆ. ಬೋರ್ಡಿನಲ್ಲಿ ಕೆಪಾಸಿಟರ್ ಎಂಬುದಿರುತ್ತದೆ. ಅದು ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ಮಂಡಳಿಯವರ ಪವಾಡ ಬಹುಶಃ ಅದೇ. ಬೆಸುಗೆ ಗಟ್ಟಿಯಾಗಿದೆಯೇ ಎಂದು ತಂತಿಯನ್ನು ಎಳೆದು ನೋಡಿ, ಸೆಲ್ಲುಗಳನ್ನು ತೆಗೆದೆ. ಇಂದಿಗೂ ಹಳೆಯ ಸೆಲ್ ತೆಗೆಯುವ ಮುಂಚೆ ಮೊದಲು ಸ್ಪ್ರಿಂಗುಗಳನ್ನು ನೋಡಿಕೊಳ್ಳುತ್ತೇನೆ.

ಕೀಬೋರ್ಡ್ ತಿರುಗಿಸಿ ಸ್ವಿಚ್ ಒತ್ತಿದೆ. ಶರಣಪ್ಪ ನಡುವಿನ ಒಂದು ಪಟ್ಟಿಗೆ ಬೆರಳಿಟ್ಟರು. ‘ಶಿವಾ’ ಎಂದಿತು. ಸ್ಪಷ್ಟವಾಗಿ, ತುಂಬಿದ ಗಂಟಲಿನಲ್ಲಿ. ಅವರು ಮತ್ತೆ ಒತ್ತಲಿಲ್ಲ, ಗೌರಮ್ಮನ ಮುಖ ನೋಡಿದರು. ಆಕೆ ಸೆರಗು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಅಂದೇ ದನಿಯನ್ನು ಲ್ಯಾಪ್‌ಟಾಪಿಗೆ ಇಳಿಸಿ, ಮೂವರಿಗೂ ಒಂದೊಂದು ಪ್ರತಿ ಕೊಟ್ಟೆ. ಸಾಕೆಟ್ಟು, ಸ್ಪ್ರಿಂಗುಗಳನ್ನು ಬದಲಿಸಿದೆ.

ಈ ಕೆಲಸದಲ್ಲಿ ಬೆಸುಗೆ, ಮೀಟರುಗಳಿಗಿಂತ ಮೊದಲಿನ ಪಾಠ ಅಂದು ಸಿಕ್ಕಿತು. ಯಂತ್ರದ ಒಳಗೆ ಏನು ಉಳಿದಿದೆ ಎಂದು ಬಿಚ್ಚುವ ಮುಂಚೆ ಕೇಳಬೇಕು. ಅದು ಯಾರದೋ, ಅವರನ್ನೇ ಕೇಳಬೇಕು. ಮಾತಾಡಲಾರದವರಾದರೆ, ಅವರು ಹೇಳಿ ಮುಗಿಸುವವರೆಗೆ ಕಾಯಬೇಕು.

ಶರಣಪ್ಪ ಎರಡು ವರ್ಷ ನುಡಿಸಿ ತೀರಿಕೊಂಡರು. ಕೀಬೋರ್ಡ್ ಈಗ ಮಂಡಳಿಯಲ್ಲಿದೆ. ಮನೆಗೆ ಒಯ್ಯಲಿಲ್ಲವೇಕೆಂದು ಗೌರಮ್ಮನನ್ನು ಕೇಳಿದ್ದೆ. “ಮನ್ಯಾಗ ಇದ್ರ ಅಡಗಿ ಬಿಟ್ಟು ಅದನ್ನ ಒತ್ಕೊಂತ ಕುಂದರ್ತೀನ್ರಿ” ಎಂದರು. ಸೋಮವಾರ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಭಜನೆಯ ಮೊದಲ ‘ಶಿವಾ’ವನ್ನು ಈಗ ಮಲ್ಲಪ್ಪ ಒತ್ತುತ್ತಾರೆ. ಆ ಸಂಜೆ ಅಂಗಡಿಯಲ್ಲಿ ಅದನ್ನು ಕೇಳಿದವರಲ್ಲಿ ಇನ್ನೂ ಇರುವವರು ಗೌರಮ್ಮ, ಮಲ್ಲಪ್ಪ ಮತ್ತು ನಾನು.