ಮೂರನೇ ಮಹಡಿಯ ಕ್ಷೇಮ

ನಮ್ಮ ಕಾರ್ಖಾನೆಯ ಕ್ಷೇಮಾಧಿಕಾರಿಗಳ ಮಟ್ಟಿಗೆ ಕ್ಷೇಮವೂ ಅವರದೇ, ಅಧಿಕಾರವೂ ಅವರದೇ. ಮೂಟೆ ಹೊತ್ತು ಸೊಂಟ, ಮಂಡಿ ಕೆಡಿಸಿಕೊಂಡವರಿಗೆಂದು ಫಿಸಿಯೋಥೆರಪಿ ಕೋಣೆ ಮಂಜೂರಾದಾಗ, ಅದನ್ನು ಮೂರನೇ ಮಹಡಿಗೆ ಹತ್ತಿಸಿದ ಪುಣ್ಯಾತ್ಮರು ಇವರೇ. "ಮೇಲೆ ಗಾಳಿ ಚೆನ್ನಾಗಿದೆ ಕಣ್ರೀ!" ಲಿಫ್ಟ್ ಇದೆ, ಆದರೆ ಸರಕಿಗೆ ಮಾತ್ರ. ಕೋಣೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂರುವ ಇವರು, ಕಂಬಿ ಹಿಡಿದು, ಹಲ್ಲು ಕಚ್ಚಿ, ಏದುಸಿರು ಬಿಡುತ್ತ ಬಂದವರನ್ನು ಚಪ್ಪಾಳೆ ತಟ್ಟಿ ಸ್ವಾಗತಿಸುತ್ತಾರೆ. "ಭೇಷ್! ಇಷ್ಟು ಮೆಟ್ಟಿಲು ಹತ್ತಿದ ಮಂಡಿಗೆ ಏನಪ್ಪಾ ಧಾಡಿ? ಹೋಗು, ಕೆಲಸ ನೋಡು." ಆ ಚಪ್ಪಾಳೆ ಕೇಳಿದಾಗಲೆಲ್ಲ ನನಗೆ ಮೈಯುರಿಯುತ್ತದೆ. ಹತ್ತಲಾಗದವರು ಬರುವುದೇ ಇಲ್ಲವಲ್ಲ, "ಕೋಣೆ ಖಾಲಿ ಸಾರ್, ಎಲ್ರೂ ಗುಂಡುಕಲ್ಲಿನ ಹಾಗಿದ್ದಾರೆ" ಎಂದು ಮಾಲೀಕರಿಗೆ ಹೆಮ್ಮೆಯಿಂದ ಫೋನು ಮಾಡುತ್ತಾರೆ. ಮೊನ್ನೆ ಪ್ಯಾಕಿಂಗ್ ವಿಭಾಗದ ಅಕ್ಕ ಊದಿದ ಮಂಡಿ ಎಳೆದುಕೊಂಡು ಹೋಗಿ ಸರಕಿನ ಲಿಫ್ಟಿನ ಬಾಗಿಲು ಸರಿಸಿದಳು, ಹಿಂದೆಯೇ ನಾನಿದ್ದೆ. ಒಳಗೆ ಮೂಟೆಗಳ ನಡುವೆ ನಮ್ಮ ಕ್ಷೇಮಾಧಿಕಾರಿಗಳು, ಪ್ಯಾಂಟು ಮೇಲಕ್ಕೆ ಮಡಚಿ, ಬಾತ ಮಂಡಿಗೆ ಮುಲಾಮು ತಿಕ್ಕಿಕೊಳ್ಳುತ್ತ ಕೂತಿದ್ದರು. ಅವರೂ ಒಂದು ಕಾಲದಲ್ಲಿ ಇಲ್ಲೇ ಮೂಟೆ ಹೊತ್ತು ಮೇಲೆ ಬಂದವರು. "ಇದು ಸರಕಿಗೆ ಮಾತ್ರ ಕಣಮ್ಮ" ಎಂದರು, ಗಡಿಬಿಡಿಯಲ್ಲಿ ಮಂಡಿ ಮುಚ್ಚಿಕೊಳ್ಳುತ್ತ. "ಹಾಗಾದ್ರೆ ಸ್ವಲ್ಪ ಸರ್ಕೊಳ್ಳಿ ಅಣ್ಣ, ನನ್ನನ್ನೂ ಒಂದು ಮೂಟೆ ಅಂದ್ಕೊಳ್ಳಿ" ಎಂದಳು ಅಕ್ಕ. ಅವರು ಅವಳ ಮಂಡಿಯನ್ನು ನೋಡಿದರು. ಆ ನೋವು ಎಂಥದೆಂದು ಇಡೀ ಕಾರ್ಖಾನೆಯಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲ ಅಧಿಕಾರಿ ಇನ್ನೊಬ್ಬನಿರಲಿಲ್ಲ. ನೋಡುತ್ತಲೇ, ಅವಳನ್ನು ಹೊರಗೇ ಬಿಟ್ಟು, ಬಾಗಿಲು ಎಳೆದುಕೊಂಡು ಗುಂಡಿ ಒತ್ತಿದರು.