ಅಕ್ಕನಿಗೆ ನಾನು ಹಾಕಿದ ಇಂಜೆಕ್ಷನ್

ನಮ್ಮ ಮನೆಯಲ್ಲಿ ಸೂಜಿ ಅಂದರೆ ನಾನೇ. ಅಮ್ಮ ಸಕ್ಕರೆ ಕಾಯಿಲೆಯಲ್ಲಿ ಹತ್ತು ವರ್ಷ ತಳ್ಳಿದಳು, ಅಷ್ಟೂ ವರ್ಷ ಎರಡು ಹೊತ್ತೂ ಅವಳಿಗೆ ಇನ್ಸುಲಿನ್ ಹಾಕಿದವಳು ನಾನು. ಹಬ್ಬ, ಬೀಗರೂಟ ಅಂತ ಬಂದರೆ ಸಿರಿಂಜಿನಲ್ಲಿ ಎರಡು ಗೆರೆ ಜಾಸ್ತಿ ಎಳೆಯುತ್ತಿದ್ದೆ, ಊಟ ಸೇರದ ದಿನ ಎರಡು ಗೆರೆ ಕಮ್ಮಿ. ಅವಳ ಡಾಕ್ಟರೇ ಹಾಗೆ ಹೇಳಿಕೊಟ್ಟಿದ್ದರು. ಮಧುಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿರುವ ನನ್ನನ್ನು ನಮ್ಮ ಬೀದಿಯವರು ಅರ್ಧ ನರ್ಸು ಅನ್ನುತ್ತಿದ್ದರು. ಕೇಳಿ ಕೇಳಿ ನಾನೂ ನಂಬಿದ್ದೆ.

ಅಮ್ಮ ಹೋದ ಮೇಲೆ ಅಕ್ಕನ ಸರದಿ ಬಂತು. ಅಕ್ಕ ಬಡವನಹಳ್ಳಿಯಲ್ಲಿ ಅಂಗನವಾಡಿ ಟೀಚರ್. ಎರಡು ಮಂಡಿಯೂ ಸವೆದು, ಮಕ್ಕಳ ಜೊತೆ ನೆಲಕ್ಕೆ ಕೂತರೆ ಏಳಲು ಗೋಡೆ ಹಿಡಿಯಬೇಕಿತ್ತು. ಆಪರೇಷನ್ ಮಾಡೋಣ, ಮೊದಲು ಹದಿನೈದು ಕೆಜಿ ಇಳಿಸಿಕೊಂಡು ಬನ್ನಿ ಅಂದರು ತುಮಕೂರಿನ ಡಾಕ್ಟರು. ಅವಳು ಮುದ್ದೆ ಬಿಟ್ಟಳು, ರಾತ್ರಿ ಊಟವನ್ನೇ ಬಿಟ್ಟಳು. ಏನೂ ಇಳಿಯಲಿಲ್ಲ. ಕೊನೆಗೆ ಡಾಕ್ಟರೇ ಹಸಿವು ತಗ್ಗಿಸಿ ತೂಕ ಇಳಿಸುವ, ವಾರಕ್ಕೊಮ್ಮೆ ಹಾಕುವ ಇಂಜೆಕ್ಷನ್ ಬರೆದುಕೊಟ್ಟರು. ಚಿಕ್ಕ ಬಾಟಲಿ. ಇನ್ಸುಲಿನ್ ಸಿರಿಂಜಿನಲ್ಲೇ ಎಳೆಯಬೇಕು. ಮೊದಲ ನಾಲ್ಕು ವಾರ ಹತ್ತರ ಗೆರೆಯವರೆಗೆ, ಆಮೇಲೆ ತೋರಿಸಿಕೊಂಡು ಇಪ್ಪತ್ತಕ್ಕೆ. ಮೈಗೆ ಒಗ್ಗುವ ತನಕ ಏರಿಸಬಾರದು ಎಂದು ನರ್ಸು ಹೇಳುತ್ತಿದ್ದರೆ ನಾನು "ಗೊತ್ತು ಮೇಡಂ, ಗೊತ್ತು" ಅನ್ನುತ್ತಿದ್ದೆ.

ಭಾನುವಾರ ಭಾನುವಾರ ಬಸ್ಸು ಹತ್ತಿ ಹೋಗಿ ಹಾಕಿ ಬರುತ್ತಿದ್ದೆ. ಏಳು ವಾರಕ್ಕೆ ಐದು ಕೆಜಿ ಇಳಿದಳು. ರವಿಕೆಯ ಹೊಲಿಗೆ ಒಳಗೆ ಹಿಡಿಸಿದ ದಿನ ಅವಳ ಮುಖ ನೋಡಬೇಕಿತ್ತು.

ಎಂಟನೇ ವಾರ ಕೊರಟಗೆರೆಯಲ್ಲಿ ಚಿಕ್ಕಪ್ಪನ ಮಗಳ ಬೀಗರೂಟ. ಭಾನುವಾರ ಇಪ್ಪತ್ತು ಗೆರೆ ಹಾಕಿದ್ದಾಗಿತ್ತು, ಊಟ ಬುಧವಾರ. ಹೊರಡುವ ಮುಂಚೆ ಅಕ್ಕ ಸಪ್ಪಗೆ ಕೂತಿದ್ದಳು. "ಅಷ್ಟು ಜನದ ಮುಂದೆ ಎಲೆ ಬುಟ್ಟು ಎದ್ದೇಳಕ್ಕಾಯ್ತದಾ? ತಿಂದ್ರೆ ಇಳ್ದಿದ್ದೆಲ್ಲ ವಾಪಸ್ ಬತ್ತದೆ" ಅಂದಳು. ನಾನು ಸಿರಿಂಜು ತೆಗೆದೆ.

"ಬ್ಯಾಡ ಕಣೇ, ವಾರಕ್ಕೊಂದೇ ಅಂದವ್ರೆ ಡಾಕ್ಟ್ರು."

"ಡಾಕ್ಟ್ರೇನು ಬೀಗ್ರೂಟಕ್ಕೆ ಬತ್ತಾರಾ? ಹತ್ತು ವರ್ಷ ಅಮ್ಮಂಗೆ ಚುಚ್ಚಿರೋಳು ನಾನು. ಸೆರಗು ಸರ್ಸಕ್ಕ."

ಅಮ್ಮನದು ದಿನಕ್ಕೆ ಎರಡು ಸಲದ ಔಷಧಿ, ಇದು ವಾರಕ್ಕೊಮ್ಮೆಯದು, ಹಾಗಾದರೆ ಇದು ಬಲು ಮೆತ್ತನೆಯದು ಎಂಬುದು ನನ್ನ ಎಣಿಕೆ. ಎರಡು ಗೆರೆ ಎಲ್ಲಿ ಸಾಕು ಅಂದುಕೊಂಡು ನಲವತ್ತು ಗೆರೆ ಎಳೆದೆ. ಅವಳು ನನ್ನ ಮುಖ ನೋಡಿ ನಂಬಿ ಸೆರಗು ಸರಿಸಿದಳು.

ಊಟದಲ್ಲಿ ಪಾವಗಡದ ಬೀಗರು "ತಿನಮ್ಮಾ, ತಿನು" ಅಂತ ಬಡಿಸಿದ್ದೇ ಬಡಿಸಿದ್ದು. ಎರಡು ತುತ್ತಿಗೇ ಅವಳಿಗೆ ಸಾಕಾಯಿತು. ನೋಡಿದೆಯಾ ನನ್ನ ಕೈಗುಣ ಅಂತ ಬೀಗಿದೆ. ಸಂಜೆಯಿಂದ ವಾಂತಿ ಶುರುವಾಯಿತು. ಮಾರನೇ ದಿನ ನೀರು ಕುಡಿದರೂ ನಿಲ್ಲಲಿಲ್ಲ. ನನಗೆ ಆಗಲೇ ಒಳಗೆ ಗೊತ್ತಾಗಿತ್ತು. ಆದರೂ ಕೇಳಿದವರಿಗೆಲ್ಲ ಮಟನ್ ಕೆಟ್ಟಿತ್ತು ಅಂದೆ, ಶುಂಠಿ ಕಷಾಯ ಕುಡಿಸಿದೆ, ಗ್ಲೂಕೋಸ್ ಪುಡಿ ಕದಡಿ ಕೊಟ್ಟೆ. ಆಸ್ಪತ್ರೆಗೆ ಹೋದರೆ ಏನು ಹಾಕಿದಿರಿ ಅಂತ ಕೇಳುತ್ತಾರಲ್ಲ. ಆ ಒಂದು ಪ್ರಶ್ನೆಗೆ ಹೆದರಿ ಎರಡೂವರೆ ದಿನ ಅವಳನ್ನು ಮನೆಯಲ್ಲೇ ಮಲಗಿಸಿಕೊಂಡೆ. ಶನಿವಾರ ಬೆಳಿಗ್ಗೆ ಅವಳಿಗೆ ಮೂತ್ರವೇ ಬರಲಿಲ್ಲ.

ತುಮಕೂರಿಗೆ ಸೇರಿಸಿದಾಗ ಡಾಕ್ಟರು ರಿಪೋರ್ಟು ಹಿಡಿದು ಕೇಳಿದರು. "ಎಷ್ಟು ತಗೊಂಡ್ರಿ? ಯಾವಾಗ? ಯಾರು ಹಾಕಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ, ಅಥವಾ ತೆರೆಯದೇ ನಿಂತಿದ್ದಾಗ, ಅಕ್ಕ ಅಂದಳು: "ನಾನೇ ಸಾ. ಭಾನ್ವಾರ ಇಪ್ಪತ್ತು, ಬುಧ್ವಾರ ನಲ್ವತ್ತು. ಊಟ ಇತ್ತಲ್ಲ, ಜಾಸ್ತಿ ಎಳ್ಕೊಂಡ್ಬುಟ್ಟೆ."

ಡಾಕ್ಟರು ತಲೆ ಚಚ್ಚಿಕೊಂಡರು. ಇದು ಆಯಾ ಊಟಕ್ಕೆ ಹಾಕುವ ಇನ್ಸುಲಿನ್ ಅಲ್ಲಮ್ಮ, ಹೋದ ವಾರದ್ದು ಅರ್ಧದಷ್ಟು ಇನ್ನೂ ಮೈಯಲ್ಲೇ ಇರುತ್ತೆ, ಅದರ ಮೇಲೆ ಈ ವಾರದ್ದು ಕೂಡುತ್ತೆ, ಅದಕ್ಕೇ ತಿಂಗಳುಗಟ್ಟಲೆ ಮೆಲ್ಲಗೆ ಏರಿಸೋದು, ಒಳಗೆ ಹೋದದ್ದನ್ನು ವಾಪಸ್ ತೆಗೆಯೋಕೆ ನನ್ನ ಹತ್ತಿರ ಏನೂ ಇಲ್ಲ ಅಂದರು. ವಾಂತಿಯಾದ ದಿನವೇ ಬಂದಿದ್ದರೆ ಕಿಡ್ನಿಗೆ ಪೆಟ್ಟು ಬೀಳುತ್ತಿರಲಿಲ್ಲ ಅಂತಲೂ ಅಂದರು. ಎಲ್ಲವನ್ನೂ ಅಕ್ಕನಿಗೇ ಹೇಳಿದರು. ನಾನು ಅವಳ ಚಪ್ಪಲಿ ಹಿಡಿದುಕೊಂಡು ಕೇಳಿಸಿಕೊಂಡೆ.

ಡಯಾಲಿಸಿಸ್ ಮಾಡಿಸಿದ್ದಾಯಿತು, ಜೀವ ಉಳಿಯಿತು. ಕಿಡ್ನಿ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಈ ಕಿಡ್ನಿ ಇಟ್ಟುಕೊಂಡು ಮಂಡಿ ಆಪರೇಷನ್‌ಗೆ ಈಗ ಯಾರೂ ಒಪ್ಪುತ್ತಿಲ್ಲ. ಅವಳು ಅಂಗನವಾಡಿಯಲ್ಲಿ ಈಗ ನೆಲಕ್ಕೆ ಕೂರುವುದೇ ಇಲ್ಲ.

ಆಸ್ಪತ್ರೆಯ ಫೈಲಿನಲ್ಲಿ ರೋಗಿಯೇ ಹೆಚ್ಚು ಡೋಸ್ ತೆಗೆದುಕೊಂಡಿದ್ದಾರೆ ಎಂದು ಬರೆದಿದೆ. ಮೂರು ತಿಂಗಳಿಗೊಮ್ಮೆ ತೋರಿಸಲು ಹೋದಾಗ ಹೊಸ ಡಾಕ್ಟರು ಯಾರಾದರೂ ಇದ್ದರೆ ಅದನ್ನು ಓದಿ, ಕನ್ನಡಕದ ಮೇಲಿಂದ ಅವಳನ್ನು ನೋಡಿ, ಓದಿದವರಾಗಿ ಹೀಗಾ ಮಾಡೋದು ಅನ್ನುತ್ತಾರೆ. ಅಕ್ಕ ತಲೆ ತಗ್ಗಿಸಿ "ತಪ್ಪಾಯ್ತು ಸಾ" ಅನ್ನುತ್ತಾಳೆ. ಹೋದ ತಿಂಗಳೂ ಅಂದಳು. ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ.