ನೆರೆಮನೆಯಲ್ಲಿ ಹಚ್ಚದ ಒಲೆ

ಅರ್ಜಿಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲದ ಈ ನಿವೃತ್ತ ಶಿಕ್ಷಕಿಯು ಸವಿನಯವಾಗಿ ನಿವೇದಿಸಿಕೊಳ್ಳುವುದೇನೆಂದರೆ, ಎಪ್ಪತ್ತರ ದಶಕದಲ್ಲಿ ನನ್ನನ್ನು ಕುಂದಗೋಳ ತಾಲೂಕಿನ ಯರಗುಪ್ಪಿಗೆ ನೇಮಿಸಲಾಗಿತ್ತು. ಆ ಊರಿನಲ್ಲಿ ಕ್ರೈಸ್ತಳೆಂದರೆ ನಾನೊಬ್ಬಳೇ. ಸಂಜೆಯ ಪ್ರಾರ್ಥನೆಯ ಕೊನೆಗೆ ‘ಆಮೆನ್’ ಎನ್ನಲು ಎರಡನೆಯ ದನಿ ಇರಲಿಲ್ಲ. ಆದಕಾರಣ ಧಾರವಾಡಕ್ಕೆ ವರ್ಗಾವಣೆ ಕೋರಿ ಅರ್ಜಿ ಸಲ್ಲಿಸಿ, ಅದು ಮಂಜೂರಾಗಲೆಂದು ಶುಭಶುಕ್ರವಾರದಿಂದ ಈಸ್ಟರ್ ಬೆಳಗಿನವರೆಗೆ ಏನನ್ನೂ ಉಣ್ಣುವುದಿಲ್ಲವೆಂದು ದೇವರಿಗೆ ಮಾತು ಕೊಟ್ಟಿದ್ದೆನು.

ಆ ಶುಕ್ರವಾರ ಹುಬ್ಬಳ್ಳಿಯ ಚರ್ಚಿಗೆ ಹೋಗಲು ಬಿಳಿ ಸೀರೆಯುಟ್ಟು ಕಾದೆನು. ಬಸ್ಸು ಬರಲಿಲ್ಲ. ಕಣ್ಣೊರೆಸಿಕೊಳ್ಳುತ್ತ ಮರಳಿದಾಗ, ನಾನು ಕಾಕು ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಹಿರಿಯ ಹೆಂಗಸು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು.

“ಯಾಕ್ರೀ ಅಕ್ಕಾರ, ಅಳಾಕತ್ತೀರಿ?”

“ಇವತ್ತ ನಮ್ಮ ಸ್ವಾಮಿ ಪ್ರಾಣ ಬಿಟ್ಟ ದಿನಾರಿ ಕಾಕು.”

“ಅಯ್ಯ ಶಿವನ! ಜಡ್ಡಾಗಿತ್ತೇನ್ರಿ?”

“ಇಲ್ರಿ. ಭಾಳ ವರ್ಷದ ಹಿಂದಿನ ಮಾತು. ಕೊಂದ್ರು. ತಪ್ಪಿಸಿಕೊಳ್ಳಬಹುದಿತ್ತು, ನಮ್ಮ ಸಲವಾಗಿ ತಾನಽ ಹೋದ.”

ಕಾಕು ಮೊರವನ್ನು ಕೆಳಗಿಟ್ಟರು. “ಅವನ ಅವ್ವ ಇದ್ಲೇನ್ರಿ?”

“ನೋಡಕೋತ ನಿಂತಿದ್ಲು.”

ಕಾಕು ಎದ್ದು ನಿಂತು, “ಮಣ್ಣು ಎಷ್ಟೊತ್ತಿಗ್ರಿ?” ಎಂದು ಕೇಳಿದರು. ಸೂರ್ಯ ಮುಳುಗುವುದರೊಳಗೆ ಸಮಾಧಿ ಮಾಡಿದರೆಂದು ತಿಳಿಸಿ ಒಳಗೆ ಹೋದೆನು.

ಓಣಿಯಲ್ಲಿ ಸಾವಾದರೆ ಮಣ್ಣಾಗುವವರೆಗೆ ಅಕ್ಕಪಕ್ಕದವರು ಒಲೆ ಹಚ್ಚುವುದಿಲ್ಲವೆಂಬುದು ಅಲ್ಲಿನ ಪದ್ಧತಿ. ಮಧ್ಯಾಹ್ನ ಹೊಲದಿಂದ ಬಂದ ಕಾಕುವಿನ ಯಜಮಾನರ ದನಿಯು ಗೋಡೆಯಾಚೆಯಿಂದ ಕೇಳಿಸಿತು.

“ಏನಬೇ, ಒಲಿ ಯಾಕ ಹಚ್ಚಿಲ್ಲ?”

“ಅಕ್ಕಾರ ಸ್ವಾಮಿ ತೀರಿಕೊಂಡಾನ.”

“ಯಾವಾಗ?”

“ಭಾಳ ವರ್ಷಾತಂತ.”

“ಮತ್ತ ನಾ ಇವತ್ತ ಯಾಕ ಉಪವಾಸ ಬೀಳ್ಲಿ?”

“ಒಂದಿನ ಬಿದ್ರ ಸಾಯಂಗಿಲ್ಲ, ಹೊಟ್ಟಿ ಅಷ್ಟ ಕರಗತೈತಿ. ಅಕ್ಕಾರು ಒಬ್ಬರಽ ಅದಾರ. ದುಃಖಕ್ಕ ಮಂದಿ ಬ್ಯಾಡೇನು?”

ಗೋಡೆಗೆ ಬೆನ್ನು ಕೊಟ್ಟು ಕುಳಿತು ಅತ್ತೆನು.

ಹೊತ್ತು ಮುಳುಗಿದ ಮೇಲೆ ಆ ಮನೆಯಿಂದ ಹೊಗೆ ಎದ್ದಿತು. ಸಾವಿನ ಮನೆಯವರು ಅಡುಗೆ ಮಾಡಬಾರದೆಂದು ಕಾಕು ಬಿಸಿ ರೊಟ್ಟಿ, ಕಡಲೆಹಿಟ್ಟಿನ ಜುಣಕ ತಂದರು. ಭಾನುವಾರದವರೆಗೆ ಉಣ್ಣುವುದಿಲ್ಲವೆಂದು ನಾನು ವಿನಂತಿಸಿಕೊಂಡೆನು.

“ಹಂಗಾರ ನಾನೂ ಇರತೀನಿ. ನೀವು ತುತ್ತು ಎತ್ತದಽ ನಾ ಹೆಂಗ ಉಣ್ಲಿ?” ಎಂದು ಹೊಸ್ತಿಲಿನ ಮೇಲೆ ಕುಳಿತರು. ಬೆಳಗಿನಿಂದ ಅವರೂ ಉಂಡಿರಲಿಲ್ಲ.

ಉಂಡರೆ ಮಾತು ಮುರಿದಂತೆ. ಮಾತು ಮುರಿದರೆ ಧಾರವಾಡವೂ ಇಲ್ಲವೆಂದು ನಾನು ನಂಬಿದ್ದೆನು. ನನ್ನ ಹಸಿವಿಗೆ ಪ್ರತಿಯಾಗಿ ನಾನು ದೇವರಲ್ಲಿ ಒಂದು ಊರನ್ನು ಕೇಳಿದ್ದೆನು. ಈ ತಾಯಿ ತನ್ನ ಹಸಿವಿಗೆ ಏನನ್ನೂ ಕೇಳಿರಲಿಲ್ಲ. ಸ್ವಾಮಿಯ ಪ್ರೀತಿಯನ್ನು ಅಷ್ಟು ವರ್ಷ ಓದಿದ್ದ ನನಗೆ ಅದು ಯಾವ ಬಗೆಯದೆಂದು ಹೊಸ್ತಿಲಿನ ಮೇಲೆ ಕಂಡಿತು. ರೊಟ್ಟಿ ಮುರಿದು ಅರ್ಧವನ್ನು ಅವರ ಕೈಗಿತ್ತೆನು. ಇಬ್ಬರೂ ಉಂಡೆವು.

ವರ್ಗಾವಣೆಯ ಆದೇಶವು ಮೂರು ವರ್ಷಗಳ ತರುವಾಯ ತಾನಾಗಿಯೇ ಬಂದಿತು. ಧಾರವಾಡದ ಚರ್ಚಿನಲ್ಲಿ ‘ಆಮೆನ್’ ಎನ್ನಲು ಬೇಕಾದಷ್ಟು ದನಿಗಳಿದ್ದವು. ಶುಭಶುಕ್ರವಾರದ ಆರಾಧನೆ ಮುಗಿದೊಡನೆ ಜನರು ಬಿಸಿಲಿಗೆ ಸೆರಗು ಹೊದ್ದು ತಮ್ಮ ತಮ್ಮ ಮನೆಗಳಿಗೆ ತೆರಳಿದರು. ಅದೇ ಬಿಳಿ ಸೀರೆಯಲ್ಲಿ ನಾನು ಮೆಟ್ಟಿಲಿನ ಮೇಲೆ ನಿಂತೇ ಇದ್ದೆನು. ಮಣ್ಣು ಎಷ್ಟೊತ್ತಿಗೆಂದು ಯಾರೂ ಕೇಳಲಿಲ್ಲ.